ಎರಡು ಇಂಚು ನೀರು ಎಂದರೆ ಎಷ್ಟು?

'ಎಷ್ಟು ಇಂಚು ನೀರು ಬಿತ್ತು?' ಕೊಳವೆ ಬಾವಿ ಕೊರೆಸಿದವರನ್ನು ಊರಿನವರು ಮೊದಲು ಕೇಳುವ ಪ್ರಶ್ನೆ ಇದು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಬಯಲುಸೀಮೆಯ ಹೋಬಳಿಯಲ್ಲಿ ಈ ಉತ್ತರದ ಮೇಲೆ ಒಂದು ಸಂಸಾರದ ತೋಟ, ಸಾಲ ಎರಡೂ ನಿಂತಿರುತ್ತವೆ. ಆದರೆ ಇಂಚು ಉದ್ದದ ಅಳತೆಯಲ್ಲವೆ? ಅದರಿಂದ ನೀರನ್ನು ಅಳೆಯುವುದು ಹೇಗೆ?

ಯಾವುದನ್ನು ಅಳೆಯುತ್ತಿದ್ದೇವೆ ಎಂಬುದು ಪರಿಮಾಣ. ಯಾವುದರಿಂದ ಅಳೆಯುತ್ತೇವೆ ಎಂಬುದು ಮಾನ. ನಮ್ಮ ಹಿರಿಯರ ಕಾಲದಲ್ಲಿ ರಾಗಿಯ ಸೇರು ಗಾತ್ರದ ಅಳತೆ, ಬೆಲ್ಲದ ಸೇರು ತೂಕದ ಅಳತೆ! ಇಂಥ ಗೊಂದಲಗಳನ್ನು ನಿವಾರಿಸಲೆಂದೇ 1956ರಲ್ಲಿ ಭಾರತ ಸರ್ಕಾರ ಕಾನೂನು ಮಾಡಿ ಮೆಟ್ರಿಕ್ ಪದ್ಧತಿಯನ್ನು ತಂದಿತು. ಇಂದು ಜಗತ್ತು ಒಪ್ಪಿರುವ ಮೂಲ ಪರಿಮಾಣಗಳು ಏಳು: ಉದ್ದ, ದ್ರವ್ಯರಾಶಿ, ಕಾಲ, ವಿದ್ಯುತ್ ಪ್ರವಾಹ, ಉಷ್ಣತೆ, ವಸ್ತುವಿನ ಮೊತ್ತ ಮತ್ತು ಬೆಳಕಿನ ತೀವ್ರತೆ. ಉಳಿದವೆಲ್ಲ ಇವುಗಳಿಂದ ಹುಟ್ಟಿದವು. ಬಾವಿಯ ಇಳುವರಿಯೂ ಹಾಗೆಯೇ. ಇಷ್ಟು ಕಾಲದಲ್ಲಿ ಇಷ್ಟು ಗಾತ್ರದ ನೀರು ಎಂದರೆ ಮಾತ್ರ ಅದಕ್ಕೆ ಅರ್ಥ.

ಹಾಗಾದರೆ ಈ ಇಂಚು ಎಲ್ಲಿಂದ ಬಂತು? ಬಾವಿಯಿಂದ ಚಿಮ್ಮುವ ನೀರನ್ನು ತಡೆದು, ಇಂಗ್ಲಿಷಿನ 'ವಿ' ಅಕ್ಷರದಂತೆ ಕತ್ತರಿಸಿದ ತಗಡಿನ ಮೂಲಕ ಹರಿಯಬಿಡುತ್ತಾರೆ. ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತಿದೆಯೋ ಅಷ್ಟು ಇಂಚು. ಅದು ಪೈಪಿನ ಅಗಲವಲ್ಲ.

ಇಲ್ಲೇ ಇರುವುದು ಮೋಸ ಹೋಗುವ ಜಾಗ. ಎರಡು ಇಂಚು ಎಂದರೆ ಒಂದು ಇಂಚಿನ ಎರಡು ಪಟ್ಟಲ್ಲ! ಎತ್ತರ ಇಮ್ಮಡಿಯಾದರೆ ಕಚ್ಚಿನಲ್ಲಿ ನೀರಿನ ಅಗಲವೂ ಇಮ್ಮಡಿ. ಹರಿಯುವ ಜಾಗ ನಾಲ್ಕು ಪಟ್ಟು. ಜತೆಗೆ ನೀರಿನ ವೇಗವೂ ಹೆಚ್ಚುತ್ತದೆ. ಹೀಗಾಗಿ ಒಟ್ಟು ಹರಿವು ಸುಮಾರು ಐದೂವರೆ ಪಟ್ಟಿಗೂ ಮಿಕ್ಕುತ್ತದೆ. ಲಂಬಕೋನದ ಕಚ್ಚಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಎಂದರೆ ಸುಮಾರು 2,900 ಲೀಟರ್. ಮೂರು ಇಂಚು ಎಂದರೆ 8,000 ಲೀಟರ್ ಹತ್ತಿರ.

ತೋಟದ ಲೆಕ್ಕಕ್ಕೆ ಬನ್ನಿ. ಒಂದು ಎಕರೆಯಲ್ಲಿ 550 ಅಡಿಕೆ ಗಿಡ, ಗಿಡವೊಂದಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರ್ ಎಂದು ಹಿಡಿದರೆ 11,000 ಲೀಟರ್ ಬೇಕು. ಎರಡು ಇಂಚಿನ ಬಾವಿ ಇದನ್ನು ನಾಲ್ಕು ಗಂಟೆಯಲ್ಲಿ ಕೊಡುತ್ತದೆ. ಒಂದು ಇಂಚಿನ ಬಾವಿಗೆ ಹೆಚ್ಚುಕಡಿಮೆ ಇಡೀ ದಿನ ಬೇಕು! ಅಷ್ಟು ಹೊತ್ತು ಕರೆಂಟಾದರೂ ಎಲ್ಲಿ? 'ಎರಡರ ಹತ್ತಿರ ಇದೆ' ಎಂಬ ಬಾಯಿಮಾತನ್ನು ನಂಬಿ ಪಂಪು ಕೊಂಡು, ಗಿಡ ನೆಟ್ಟವರ ಪಾಡು ಏನಾದೀತು?

ಇದಕ್ಕೆ ದುಬಾರಿ ಉಪಕರಣವೇನೂ ಬೇಡ. 200 ಲೀಟರಿನ ಒಂದು ಡ್ರಮ್ಮು, ಒಂದು ಗಡಿಯಾರ ಸಾಕು. ಡ್ರಮ್ಮು ನಾಲ್ಕು ನಿಮಿಷದಲ್ಲಿ ತುಂಬಿದರೆ ಅದು ಎರಡು ಇಂಚು. ಇಪ್ಪತ್ತಮೂರು ನಿಮಿಷ ಹಿಡಿದರೆ ಒಂದು ಇಂಚು. ಕೊರೆದ ದಿನದ ಅಬ್ಬರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಂಪು ಕೆಲವು ಗಂಟೆ ಓಡಿದ ಮೇಲೆ, ಅದರಲ್ಲೂ ಬೇಸಿಗೆಯಲ್ಲಿ, ಅಳೆದು ನೋಡಿ. ಗಿಡ ನೆಡುವ ಮುನ್ನ ಕೇಳಬೇಕಾದದ್ದು 'ಎಷ್ಟು ಇಂಚು?' ಎಂದಲ್ಲ, 'ಗಂಟೆಗೆ ಎಷ್ಟು ಲೀಟರ್?' ಎಂದು.