ಗಾಜಿನ ಪೆಟ್ಟಿಗೆಗೆ ಮೀನು ಸಾಕು, ಕಪ್ಪೆ ಹಳ್ಳದಲ್ಲೇ ಇರಲಿ

ಹೊಸನಗರ: ಅರ್ಧ ನೀರು, ಅರ್ಧ ನೆಲ, ಒಳಗೆ ಗಿಡ, ಮೀನು, ಕಪ್ಪೆ. ಇಂಥ ಗಾಜಿನ ಪೆಟ್ಟಿಗೆಗೆ ಪಾಲುಡೇರಿಯಂ ಅಂತಾರೆ. ಯೂಟ್ಯೂಬ್ ನೋಡಿ ಅಂಗಡಿ ಕೌಂಟರ್ ಮೇಲೆ ಒಂದು ಇಡೋಣ ಅಂದುಕೊಂಡವರಿಗೆ ಮೊದಲು ನೆನಪಾಗುವುದು ಪಕ್ಕದ ಹಳ್ಳದ ಕಪ್ಪೆ. ಎಡವಟ್ಟಾಗುವುದು ಅಲ್ಲೇ.

ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಮೀನಿನ ಹೊಲಸು ಸೇರಿದ ನೀರು, ಕ್ಲೋರಿನ್ ಹಾಕಿದ ನಲ್ಲಿ ನೀರು ಅದಕ್ಕೆ ಆಗಿಬರಲ್ಲ. ಬಾಯಿಗೆ ಹಿಡಿಸುವ ಮೀನನ್ನು ಕಪ್ಪೆ ನುಂಗುತ್ತದೆ, ಗೊದಮೊಟ್ಟೆಯನ್ನು ಮೀನು ತಿನ್ನುತ್ತದೆ.

ಜೋಗ-ಹೊನ್ನಾವರ ದಾರಿಯ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನೇ ನೋಡಿ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಹೆಸರಿಟ್ಟ ಕಪ್ಪೆ ಇದು. ಹಳ್ಳದ ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿರುತ್ತದೆ. ಗಂಡು ಹಿಂಗಾಲ ಮೇಲೆ ನಿಂತು ಅದಕ್ಕೆ ಕೆಸರು ಮೆತ್ತುತ್ತದೆ, ಥೇಟ್ ಕುಂಬಾರನ ಹಾಗೆ. ಗೊದಮೊಟ್ಟೆ ಕೆಳಗಿನ ನೀರಿಗೆ ಬೀಳುತ್ತದೆ. ಎರಡಡಿ ಪೆಟ್ಟಿಗೆಯಲ್ಲಿ ಇದೆಲ್ಲ ಎಲ್ಲಿ ಸಾಧ್ಯ? ಅಭಯಾರಣ್ಯದಿಂದ ಹಿಡಿದು ತಂದರಂತೂ 1972ರ ವನ್ಯಜೀವಿ ಕಾಯ್ದೆಯಡಿ ಕೇಸು.

ಆಸೆ ಇದ್ದರೆ ಒಂದು ಬದಿಗೆ ಕಲ್ಲು, ಜಲ್ಲಿ ಪೇರಿಸಿ ಪಾಚಿ, ಜರಿಗಿಡ ನೆಡಿ. ನೀರಿಗೆ ಮೀನಷ್ಟೇ ಬಿಡಿ. ಕಪ್ಪೆ ನೋಡಬೇಕೆಂದರೆ ಮಳೆ ಹಿಡಿದ ರಾತ್ರಿ ಟಾರ್ಚ್ ಹಿಡಿದು ತೋಟದ ಬಸಿಗಾಲುವೆ ಕಡೆ ಹೋದರಾಯಿತು. ಇನ್ನೊಂದು ವಿಷಯ: ಸಾಕಿ ಬೇಸರವಾದ ಗಪ್ಪಿ ಮೀನನ್ನು ಹಳ್ಳಕ್ಕೆ ಸುರಿಯಬೇಡಿ, ಅಲ್ಲಿನ ಗೊದಮೊಟ್ಟೆಗೂ ಅವು ಬಾಯಿ ಹಾಕುತ್ತವೆ.