ಹೊಲಿಗೆ ಬಲ್ಲ ಕೈಗೆ ಗರಗಸ ಹೊಸದಲ್ಲ

ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದಿಟ್ಟು, ಳುಹರ್ ನಮಾಝ್ ಮುಗಿಸಿದ ಮೇಲೆ ಮಕ್ಕಳು ಶಾಲೆಯಿಂದ ಬರುವ ತನಕ ನಿಮಗೆ ಸಿಗುವ ಸಮಯ ಎಷ್ಟು? ಒಂದು ಗಂಟೆ? ಎರಡು ಗಂಟೆ? ಅದನ್ನು ಹೇಗೆ ಕಳೆಯುತ್ತೀರಿ? ಕೆಲವರು ಮಲಗುತ್ತಾರೆ, ಕೆಲವರು ಮೊಬೈಲ್ ಹಿಡಿಯುತ್ತಾರೆ, ಕೆಲವರು ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ. ಆ ಬಿಡುವಿನಲ್ಲಿ ಕಲಿಯಬಹುದಾದ ಮತ್ತೊಂದು ಹವ್ಯಾಸವಿದೆ. ಮರದ ಹಲಗೆಯನ್ನು ದಾರದಷ್ಟು ತೆಳ್ಳಗಿನ ಗರಗಸದಿಂದ ಕತ್ತರಿಸಿ ಹೂ, ಬಳ್ಳಿ, ಅಕ್ಷರ, ಆಟಿಕೆಗಳನ್ನು ಮಾಡುವುದು. "ಅದು ಬಡಗಿಗಳ ಕೆಲಸ, ನಮಗೇಕೆ?" ಎಂದು ಪುಟ ತಿರುಗಿಸಬೇಡಿ. ಓದಿ ನೋಡಿ, ಆಮೇಲೆ ತೀರ್ಮಾನಿಸಿ.

ಹೊಲಿಗೆ ಯಂತ್ರದ ತಂಗಿ

ಈ ಯಂತ್ರದ ಹೆಸರು ಸ್ಕ್ರಾಲ್ ಸಾ. ನೋಡಲು ಹೊಲಿಗೆ ಯಂತ್ರದ ತಂಗಿಯಂತಿದೆ. ಅಲ್ಲಿ ಸೂಜಿ ಮೇಲೆ ಕೆಳಗೆ ಆಡುವಂತೆ ಇಲ್ಲಿ ಸುಮಾರು ಐದು ಇಂಚು ಉದ್ದದ ಬ್ಲೇಡು ಆಡುತ್ತದೆ. ಅಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವಿರುವಂತೆ ಇಲ್ಲೂ ಹಲಗೆ ಕುಣಿಯದಂತೆ ಹಿಡಿಯುವ ಪಾದವಿದೆ. ವ್ಯತ್ಯಾಸ ಇಷ್ಟೇ: ಹೊಲಿಗೆ ಯಂತ್ರ ಬಟ್ಟೆಯನ್ನು ತಾನೇ ಮುಂದಕ್ಕೆಳೆಯುತ್ತದೆ, ಇಲ್ಲಿ ಹಲಗೆಯನ್ನು ನಿಮ್ಮ ಎರಡೂ ಕೈಗಳು ನಡೆಸಬೇಕು. ತೋಳಿನ ಬಲ ಬೇಡ. ಬಲ ಹಾಕಿ ತಳ್ಳಿದರೆ ಬ್ಲೇಡು ಮುರಿಯುತ್ತದೆ. ರವಿಕೆಯ ಕುತ್ತಿಗೆಯ ಸುತ್ತು ಹೊಲಿಯುವಾಗ ಬಟ್ಟೆಯನ್ನು ಹೇಗೆ ಮೆಲ್ಲಗೆ ತಿರುಗಿಸುತ್ತೀರೋ ಹಾಗೆಯೇ ತಿರುಗಿಸಬೇಕು.

ಇದು ನನ್ನ ಕಲ್ಪನೆಯಲ್ಲ. ಮಕ್ಕಳು ಜೋಡಿಸಿ ಆಡುವ ಜಿಗ್‌ಸಾ ಪಜಲ್ ನಿಮಗೆ ಗೊತ್ತಲ್ಲ? 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬವರು ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯುದ್ದಕ್ಕೂ ಕತ್ತರಿಸಿ ಮಕ್ಕಳ ಪಾಠಕ್ಕೆಂದು ಮಾರಿದರು. ಮುಂದೆ ಅಮೆರಿಕದಲ್ಲಿ ಈ ಆಟದ ಹುಚ್ಚು ಹಿಡಿದಾಗ, 1909ರಲ್ಲಿ ಪಾರ್ಕರ್ ಬ್ರದರ್ಸ್ ಕಂಪೆನಿ ಬೇರೆ ಆಟಗಳನ್ನು ಬದಿಗಿಟ್ಟು ಪಜಲ್ ತಯಾರಿಕೆಗೇ ನಿಂತಿತು. ಅಲ್ಲಿ ಒಂದೊಂದೇ ತುಂಡನ್ನು ಕೈಯಿಂದ ಕತ್ತರಿಸುತ್ತಿದ್ದವರಲ್ಲಿ ಹೆಚ್ಚಿನವರು ಮಹಿಳೆಯರು. ಅವರಿಗೆ ಸಂಬಳ ಕಡಿಮೆ ಕೊಟ್ಟರೆ ಸಾಕಿತ್ತು ಎಂಬುದು ಒಂದು ಕಾರಣ. ಕಾಲಿನಿಂದ ತುಳಿಯುವ ಗರಗಸಕ್ಕೂ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಕ್ಕೂ ಹೋಲಿಕೆಯಿದ್ದುದು ಇನ್ನೊಂದು. ಹಾಗಿರುವಾಗ ಇದು ಗಂಡಸರ ಕೆಲಸವೆಂದು ಹೇಳಿದವರು ಯಾರು?

ಮೊದಲು ಕೈಗರಗಸ

ಯಂತ್ರಕ್ಕೆ ಹಲವು ಸಾವಿರ ರೂಪಾಯಿ ಬೇಕು. ಅದಕ್ಕೆ ಅವಸರ ಬೇಡ. ಮೊದಲು ಕೈಯಲ್ಲಿ ಹಿಡಿಯುವ ಫ್ರೆಟ್ ಸಾ ಕೊಳ್ಳಿ. ಕೆಲವು ನೂರು ರೂಪಾಯಿಯಲ್ಲಿ ಸಿಗುತ್ತದೆ. ಯು ಆಕಾರದ ಕಬ್ಬಿಣದ ಚೌಕಟ್ಟು, ಅದಕ್ಕೊಂದು ಹಿಡಿ, ನಡುವೆ ಬಿಗಿದ ತೆಳು ಬ್ಲೇಡು, ಅಷ್ಟೆ. ಮೈಸೂರಿನ ಬೀಟೆ ಮರದ ಕೆತ್ತನೆಯ ಮೇಲೆ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸಿದ ಚಿತ್ರಗಳನ್ನು ನೀವು ನೋಡಿರಬಹುದು. ಆ ಚೂರುಗಳನ್ನು ಕತ್ತರಿಸುವುದೂ ಇಂತಹ ತೆಳು ಗರಗಸದಿಂದಲೇ.

ಅಂಗೈಗಲದ ಹಲಗೆಯ ತುಂಡಿಗೆ ಇಂಗ್ಲಿಷಿನ ವಿ ಆಕಾರದ ಕಚ್ಚು ಮಾಡಿಸಿ, ಮೇಜಿನ ಅಂಚಿಗೆ ಶಿಕಂಜದಿಂದ ಬಿಗಿಯಿರಿ. ಕೆಲಸದ ಹಲಗೆ ಅದರ ಮೇಲಿರಲಿ, ಗರಗಸ ಆ ಕಚ್ಚಿನೊಳಗೆ ನೆಟ್ಟಗೆ ಆಡಲಿ. ಬ್ಲೇಡಿನ ಹಲ್ಲುಗಳು ಕೆಳಮುಖವಾಗಿರಬೇಕು. ತಲೆಕೆಳಗಾಗಿ ಹಾಕಿದರೆ ಹಲಗೆ ಮೇಲಕ್ಕೆ ನೆಗೆಯುತ್ತದೆ. ಬೆರಳಿನಿಂದ ಮೀಟಿದಾಗ ತಂತಿಯಂತೆ ಸ್ವರ ಹೊರಡುವಷ್ಟು ಬಿಗಿ ಇರಲಿ.

ಮೊದಲ ಪ್ರಯತ್ನಕ್ಕೆ ಆರು ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಬಡಗಿಯ ಅಂಗಡಿಯಲ್ಲಿ ಮಿಕ್ಕ ತುಂಡುಗಳನ್ನು ಕೇಳಿದರೆ ಕೊಟ್ಟಾರು. ಚಿತ್ರವನ್ನು ಕಾಗದದಲ್ಲಿ ಬರೆದು ಹಲಗೆಗೆ ಅಂಟಿಸಿ, ಗೆರೆಯ ಮೇಲೆ ಸಾಗಿ. ಮೊದಲು ಎಲೆ, ಮೀನು, ಚಂದ್ರ. ಚಿತ್ರದ ಒಳಗೆ ತೂತು ತೆಗೆಯಬೇಕಾದರೆ ಮೊದಲು ಡ್ರಿಲ್ಲಿನಿಂದ ಸಣ್ಣ ರಂಧ್ರ ಕೊರೆಯಿರಿ. ಬ್ಲೇಡಿನ ಒಂದು ತುದಿ ಬಿಚ್ಚಿ, ಸೂಜಿಗೆ ದಾರ ಪೋಣಿಸಿದಂತೆ ಆ ರಂಧ್ರದಲ್ಲಿ ತೂರಿಸಿ, ಮತ್ತೆ ಬಿಗಿದು ಕತ್ತರಿಸಿ. ಬ್ಲೇಡುಗಳು ಮುರಿಯುತ್ತವೆ. ಮೊದಲ ದಿನ ನಾನು ಐದು ಮುರಿದೆ. ಸೂಜಿ ಮುರಿಯದೆ ಹೊಲಿಗೆ ಕಲಿತವರುಂಟೇ?

ಉದುರಿದ ಚುಕ್ಕಿಗಳು

ಕೈ ಸ್ವಲ್ಪ ಪಳಗಿದೊಡನೆ ಎಲ್ಲರಿಗೂ ಆಸೆಯಾಗುವುದು ಹೆಸರು ಕತ್ತರಿಸಲು. ಅಲ್ಲಿ ಒಂದು ಪಾಠ ಕಾದಿದೆ. ಝೈನಬ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಅರಬಿ ಲಿಪಿಯಲ್ಲಿ ಅದಕ್ಕೆ ಐದು ಚುಕ್ಕಿಗಳು. ಅಕ್ಷರದ ಸುತ್ತ ನೀಟಾಗಿ ಕತ್ತರಿಸಿ ಮುಗಿಸಿದಾಗ ಐದೂ ಚುಕ್ಕಿ ನೆಲದ ಮೇಲಿರುತ್ತವೆ! ಕನ್ನಡದಲ್ಲಿ "ಅಮ್ಮ" ಎಂದು ಕತ್ತರಿಸಿದರೆ ಕೆಳಗಿನ ಒತ್ತಕ್ಷರ ಕಳಚಿ ಬೀಳುತ್ತದೆ. ಆದ್ದರಿಂದ ಗರಗಸ ಹಿಡಿಯುವ ಮೊದಲೇ ಯಾವುದು ಯಾವುದಕ್ಕೆ ಅಂಟಿಕೊಂಡಿರಬೇಕೆಂದು ಪೆನ್ಸಿಲಿನಲ್ಲಿ ಯೋಚಿಸಬೇಕು. ಚುಕ್ಕಿಯನ್ನು ಪಕ್ಕದ ಬಳ್ಳಿಗೋ ಮೇಲಿನ ಅಂಚಿಗೋ ಸೇರಿಸಿ ಬರೆಯಬೇಕು.

ವಿಜಯಪುರಕ್ಕೆ ಹೋದವರು ಇಬ್ರಾಹೀಮ್ ರೋಜಾದ ಕಿಟಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹದಿನೇಳನೇ ಶತಮಾನದ ಆರಂಭದ ಶಿಲ್ಪಿಗಳು ಅಲ್ಲಿ ಅರಬಿ ಅಕ್ಷರಗಳನ್ನೇ ಹೆಣೆದು ಕಲ್ಲಿನ ಜಾಲರಿ ಮಾಡಿದ್ದಾರೆ. ಅಕ್ಷರಗಳ ನಡುವಿನ ಸಂದಿನಿಂದ ಬೆಳಕು ಒಳಗೆ ಬರುತ್ತದೆ. ಕಲ್ಲಿನಲ್ಲಿ ಒಂದು ಚುಕ್ಕಿ ಉದುರಿದರೂ ಮತ್ತೆ ಅಂಟಿಸುವಂತಿಲ್ಲ. ಒಂದೆರಡು ಹೆಸರು ಕತ್ತರಿಸಿ ಕೈಸುಟ್ಟುಕೊಂಡ ಮೇಲೆ ನೋಡಿದರೆ ಆ ಕಿಟಕಿಯ ಬೆಲೆ ಏನೆಂದು ಅರ್ಥವಾಗುತ್ತದೆ.

ಎಚ್ಚರ ಇರಲಿ

ಈ ಹವ್ಯಾಸದಲ್ಲಿ ಗರಗಸಕ್ಕಿಂತ ಹೆಚ್ಚು ಹೆದರಬೇಕಾದುದು ಧೂಳಿಗೆ. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಹೇಳಿದೆ. ಅಡುಗೆಮನೆಯಲ್ಲೂ ಮಗು ಮಲಗುವ ಕೋಣೆಯಲ್ಲೂ ಈ ಕೆಲಸ ಸಲ್ಲದು. ಗಾಳಿಯಾಡುವ ಜಗಲಿ ಅಥವಾ ಹಿತ್ತಿಲಿನ ಚಾವಡಿ ಒಳ್ಳೆಯದು. ಮುಖಕ್ಕೆ ಒಳ್ಳೆಯ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಯಂತ್ರ ಬಳಸುವವರು ದುಪ್ಪಟ್ಟದ ತುದಿ, ಸಡಿಲ ತೋಳು, ಬಳೆಗಳ ಬಗ್ಗೆ ಮರೆಯಬೇಡಿ. ದುಪ್ಪಟ್ಟವನ್ನು ಹಿಂದಕ್ಕೆ ಬಿಗಿದು ಪಿನ್ ಹಾಕಿ. ಬ್ಲೇಡಿನ ನೇರಕ್ಕೆ ಬೆರಳು ಇಡಬೇಡಿ. ಬಾಗಿಲು ಬಡಿದ ಸದ್ದಾದರೆ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಏಳಿ. ಪುಟ್ಟ ಮಕ್ಕಳಿಗೆ ಆಟಿಕೆ ಮಾಡುವುದಾದರೆ ಬಾಯಿಗೆ ಹೋಗುವಷ್ಟು ಸಣ್ಣ ತುಂಡು ಬೇಡ. ಅಂಚುಗಳನ್ನು ಉಜ್ಜುಕಾಗದದಿಂದ ನುಣ್ಣಗೆ ಮಾಡಿ, ಬಣ್ಣ ಬಳಿಯದೆ ಹಾಗೆಯೇ ಕೊಡಿ.

ಯಾರಿಗಾಗಿ?

ಇದರಿಂದ ಹಣ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬಂದರೂ ಬರಬಹುದು. ಆದರೆ ಮೊದಲ ವರ್ಷ ಆ ಲೆಕ್ಕ ಹಾಕಬೇಡಿ. ದಿನವಿಡೀ ನಾವು ಮಾಡುವ ಕೆಲಸಗಳ ಗುರುತು ಸಂಜೆಗೆ ಉಳಿಯುವುದಿಲ್ಲ. ಬೇಯಿಸಿದ್ದು ಖರ್ಚಾಗುತ್ತದೆ, ಒಗೆದದ್ದು ಕೊಳೆಯಾಗುತ್ತದೆ, ಗುಡಿಸಿದ ಅಂಗಳದಲ್ಲಿ ಎಲೆ ಬೀಳುತ್ತದೆ. ಆ ಎರಡು ಗಂಟೆಯಲ್ಲಿ ನೀವು ಕತ್ತರಿಸಿದ ಮರದ ಎಲೆಯೊಂದು ಮಾತ್ರ ನಾಳೆಯೂ ಗೋಡೆಯ ಮೇಲಿರುತ್ತದೆ.

ನಿಮ್ಮ ಹತ್ತು ಹನ್ನೆರಡು ವರ್ಷದ ಮಕ್ಕಳನ್ನು, ಮಗನನ್ನು ಮಾತ್ರವಲ್ಲ ಮಗಳನ್ನೂ, ಪಕ್ಕದಲ್ಲಿ ಕೂರಿಸಿ ಕೈಗರಗಸ ಹಿಡಿಯಲು ಕಲಿಸಿ. ಕರ್ನಾಟಕದ ಭೂಪಟವನ್ನು ಹಲಗೆಗೆ ಅಂಟಿಸಿ ಜಿಲ್ಲೆ ಜಿಲ್ಲೆಯಾಗಿ ಒಟ್ಟಿಗೆ ಕತ್ತರಿಸಿ. ಬೀದರ್ ಎಲ್ಲಿ, ಚಾಮರಾಜನಗರ ಎಲ್ಲಿ ಎಂಬುದನ್ನು ಆ ಮಕ್ಕಳು ಮತ್ತೆ ಮರೆಯಲಾರರು. ಅಂಚು ಸ್ವಲ್ಪ ಸೊಟ್ಟಗಾದರೆ ಆಗಲಿ. ಜೋಡಿಸುವಾಗ ಪಕ್ಕದ ತುಂಡೂ ಅಷ್ಟೇ ಸೊಟ್ಟಗಿರುತ್ತದೆ, ಎರಡೂ ಸರಿಯಾಗಿ ಕೂರುತ್ತವೆ.