ಪೇಟಿ ಸಣ್ಣದಾದ ಕತೆ

ಬೀದರ ಸೀಮೆಯ ಕಮಲನಗರದ ಭಜನಾ ಮೇಳದ ನಡುವೆ ಕೂತು ಊರವರ ದನಿಯನ್ನೆಲ್ಲ ಒಂದು ಹಾದಿಗೆ ತರುವ ಪೇಟಿಯ ತವರು ಪ್ಯಾರಿಸ್. 1840ರ ಸುಮಾರಿಗೆ ಅಲೆಕ್ಸಾಂಡ್ರ್ ದೆಬೆನ್ ಎಂಬಾತ ಪೇಟೆಂಟ್ ಪಡೆದ ಹಾರ್ಮೋನಿಯಂ ಮೇಜಿನಷ್ಟು ದೊಡ್ಡದು. ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿ ಒತ್ತಬೇಕು, ಎರಡೂ ಕೈಗಳಿಂದ ನುಡಿಸಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದೇ ರಾಗದ ಎಳೆ ಹಿಡಿದು ಹಾಡುವ ನಮ್ಮವರಿಗೆ ಅದರಲ್ಲಿ ಅರ್ಧ ಭಾಗ ಬೇಡವಾಗಿತ್ತು. ಕಲಕತ್ತೆಯ ದ್ವಾರಕಾನಾಥ ಘೋಷ್ 1875ರ ಹೊತ್ತಿಗೆ ಆ ಅರ್ಧವನ್ನು ಕಿತ್ತು ಹಾಕಿದರು. ಮೇಜಿನ ಕಾಲು ಹೋಯಿತು, ತಿದಿ ಪೆಟ್ಟಿಗೆಯ ಬೆನ್ನಿಗೆ ಬಂತು. ಎಡಗೈ ಗಾಳಿ ಹಾಕುತ್ತದೆ, ಬಲಗೈ ಸ್ವರ ನುಡಿಸುತ್ತದೆ. ಬಗಲಲ್ಲಿ ಹೊತ್ತು ಊರೂರು ಸುತ್ತಬಹುದಾದ ವಾದ್ಯ ಹೀಗೆ ಹುಟ್ಟಿತು. ಭಾಲ್ಕಿಯಿಂದ ಔರಾದವರೆಗೆ, ಗಡಿಯಾಚೆ ಉದಗೀರಿನಲ್ಲೂ, ವಚನಕ್ಕೂ ಅಭಂಗಕ್ಕೂ ಅದೇ ಪೇಟಿ ಆಸರೆಯಾಯಿತು.

ಘೋಷ್ ಮಾಡಿದ ಆವಿಷ್ಕಾರದಲ್ಲಿ ಸೇರಿಸಿದ್ದು ಕಡಿಮೆ, ತೆಗೆದದ್ದು ಹೆಚ್ಚು. ಮನೆಯ ಒಂದು ಕೋಣೆಯಲ್ಲಿ ಸ್ಟುಡಿಯೊ ಮಾಡಿಕೊಂಡು, ವರ್ಷ ವರ್ಷಕ್ಕೆ ಒಂದೊಂದು ಕೀಬೋರ್ಡು, ಸಿಂಥಸೈಜರು, ಆಕ್ಟೋಪ್ಯಾಡು ಕೊಂಡು, ಕೊನೆಗೆ ತಾನು ಕೂರಲೂ ಜಾಗವಿಲ್ಲದೆ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಮಾರಲಿ ಎಂದು ತಲೆ ಕೆರೆದುಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಸಿಂಥಸೈಜರಿನ ಕತೆಯೂ ಇದೇ ದಾರಿ ಹಿಡಿದಿದೆ.

ಆದರೆ ಕಡಿತಕ್ಕೆ ಬೆಲೆಯೂ ಇರುತ್ತದೆ. ಪೇಟಿಯ ಒಂದೊಂದು ಕೀಗೂ ಒಂದೊಂದು ರೀಡು, ಒಂದೊಂದೇ ಸ್ವರ. ಎರಡು ಸ್ವರಗಳ ನಡುವಿನ ಜಾರುದಾರಿ ಅದಕ್ಕಿಲ್ಲ. ಮೀಂಡು ಬರದ ವಾದ್ಯಕ್ಕೆ ರಾಗದ ಒಡನಾಟ ಎಲ್ಲಿಂದ ಬರಬೇಕು ಎಂಬ ತಕರಾರು ಎದ್ದು, 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತು. ಆ ನಿಷೇಧ ಸಡಿಲವಾಗತೊಡಗಿದ್ದು 1971ರಲ್ಲಿ. ಸಣ್ಣದು ಮಾಡುವಾಗ ಏನನ್ನು ಬಿಡಬಾರದು ಎಂಬ ಪ್ರಶ್ನೆಯನ್ನು ಈ ನಿಷೇಧ ನಮ್ಮ ಮುಂದೆ ಇಟ್ಟುಹೋಗಿದೆ.

ಇತ್ತ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ರಾಬರ್ಟ್ ಮೂಗ್ ಎಂಬ ಯುವಕ 1954ರಿಂದ ಥೆರೆಮಿನ್ ತಯಾರಿಸಿ ಮಾರುತ್ತಿದ್ದರು. ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಾದ್ಯ ಅದು. ಪೇಟಿಗೆ ಜಾರಲು ಬಾರದಿದ್ದರೆ ಇದಕ್ಕೆ ಜಾರದೆ ನಿಲ್ಲುವುದೇ ಕಷ್ಟ. 1963ರಲ್ಲಿ ಮೂಗ್‌ಗೆ ಸಂಗೀತಗಾರ ಹರ್ಬರ್ಟ್ ಡಾಯ್ಚ್ ಜೊತೆಯಾದರು, ಮರುವರ್ಷ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಇಬ್ಬರೂ ಕೂಡಿ ಮೂಗ್ ಸಿಂಥಸೈಜರ್ ಎಂಬ ಹೊಸದೊಂದು ಯಂತ್ರ ಕಟ್ಟಿದರು. ಅದರ ಮೂಲಸೂತ್ರ ಸರಳ: ವಿದ್ಯುತ್ತಿನ ಒತ್ತಡವೇ ಸ್ವರದ ಎತ್ತರವನ್ನು ನಿರ್ಧರಿಸುತ್ತದೆ. ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸಪ್ತಕ ಮೇಲೇರುತ್ತದೆ, ಮಂದ್ರದ ಷಡ್ಜ ಮಧ್ಯ ಷಡ್ಜವಾಗುತ್ತದೆ. ನಾದ ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್, ದನಿಯನ್ನು ಏರಿಳಿಸುವ ಆಂಪ್ಲಿಫೈಯರ್ ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದವು. ಅವುಗಳನ್ನು ವೈರಿನಿಂದ ಜೋಡಿಸಿಕೊಳ್ಳಬೇಕು. ಹೇಗೆ ಜೋಡಿಸಿದರೆ ಹಾಗೆ ನಾದ.

1968ರಲ್ಲಿ ವೆಂಡಿ ಕಾರ್ಲೋಸ್ ಈ ಯಂತ್ರದಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿದ ಧ್ವನಿಮುದ್ರಿಕೆ ಹೊರಬಂದ ಮೇಲೆ ಜಗತ್ತೇ ಇತ್ತ ತಿರುಗಿತು. ಮರುವರ್ಷ ಅಂಥದೊಂದು ಮೂಗ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಅದನ್ನು ಜೋಡಿಸಿಕೊಟ್ಟರು, ಗೀತಾ ಸಾರಾಭಾಯಿ ಮುಂತಾದವರು ಅದರಲ್ಲಿ ಪ್ರಯೋಗ ನಡೆಸಿದರು. ಆ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲೇ ಮರೆಯಾಗಿದ್ದವು. ಕಪಾಟಿನಷ್ಟು ದೊಡ್ಡ ಯಂತ್ರ, ದುಬಾರಿ ಬೆಲೆ, ಗೋಜಲು ವೈರು. ಸಂಸ್ಥೆಗಳಿಗೆ ಬಿಟ್ಟರೆ ಮನೆಯವರಿಗೆ ಎಟುಕುವ ವಸ್ತುವಲ್ಲ ಅದು.

ಅದನ್ನು ಎಟುಕುವಂತೆ ಮಾಡಿದವರು ಮೂಗ್ ಕಂಪನಿಯ ಎಂಜಿನಿಯರ್ ಬಿಲ್ ಹೆಮ್ಸಾತ್. ಹೆಚ್ಚಿನವರು ಯಂತ್ರದ ಮುಂದೆ ಕೂತಾಗಲೆಲ್ಲ ಅದೇ ಕೆಲವು ವೈರುಗಳನ್ನು ಅದೇ ಕೆಲವು ಜಾಗಕ್ಕೆ ಸಿಕ್ಕಿಸುತ್ತಿದ್ದರು. ಆಸಿಲೇಟರಿನಿಂದ ಫಿಲ್ಟರಿಗೆ, ಫಿಲ್ಟರಿನಿಂದ ಆಂಪ್ಲಿಫೈಯರಿಗೆ. ದಿನವೂ ಅದೇ ಜೋಡಣೆಯಾದರೆ ವೈರು ಯಾಕೆ ಬೇಕು? ಹೆಮ್ಸಾತ್ ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಬಿಡಿಭಾಗಗಳನ್ನು ಆಯ್ದು ತಂದು, ಊಟದ ಬಿಡುವಿನಲ್ಲಿ ಕೂತು ಒಂದು ಪೆಟ್ಟಿಗೆಯೊಳಗೆ ಅವನ್ನು ಕಾಯಂ ಆಗಿ ಬೆಸೆದರು. ಅದು ಎ ಮಾದರಿ. ಬಿ, ಸಿ ಬಂದವು. ಕಂಪನಿಯ ಖಜಾನೆ ಬರಿದಾಗುತ್ತಿತ್ತು. ಈ ಸಣ್ಣ ವಾದ್ಯದ ಬಗ್ಗೆ ಮೂಗ್‌ಗೇ ಪೂರ್ತಿ ನಂಬಿಕೆ ಇರಲಿಲ್ಲ. ಆದರೂ ಸಹೋದ್ಯೋಗಿಗಳು ಪಟ್ಟು ಬಿಡದೆ 1970ರಲ್ಲಿ ಡಿ ಮಾದರಿಯನ್ನು ಸಿದ್ಧಮಾಡಿದರು. ಅದೇ ಮಿನಿಮೂಗ್. ಮೂರು ಆಸಿಲೇಟರ್, ಒಂದು ಫಿಲ್ಟರ್, 44 ಕೀಗಳು, ಒಬ್ಬರೇ ಎತ್ತಿಕೊಂಡು ಹೋಗಬಹುದಾದ ಗಾತ್ರ.

ಈ ಕತೆಯಲ್ಲಿ ಎರಡು ತಿರುವುಗಳಿವೆ. ಮೊದಲನೆಯದು ಲೆಕ್ಕ ತಪ್ಪಿದ್ದು. ಜಿಮ್ ಸ್ಕಾಟ್ ಎಂಬ ಎಂಜಿನಿಯರ್ ಫಿಲ್ಟರಿಗೆ ಹೋಗುವ ಸಂಕೇತದ ಬಲವನ್ನು ಬೇಕಾದ್ದಕ್ಕಿಂತ ಹೆಚ್ಚಿಗೆ ಇಟ್ಟುಬಿಟ್ಟಿದ್ದರು. ಅದರಿಂದ ಫಿಲ್ಟರ್ ತುಸು ಒಡೆದ ದನಿಯಲ್ಲಿ ಗದರಿತು, ಆ ಒಡಕಿನಿಂದಲೇ ನಾದ ದಪ್ಪವಾಯಿತು. ಜನ ಮೆಚ್ಚಿದ್ದು ಅದನ್ನೇ. ಎರಡನೆಯದು ಕೀಬೋರ್ಡಿನ ಎಡಕ್ಕೆ ಕೂರಿಸಿದ ಪುಟ್ಟ ಗಾಲಿ. ಬಲಗೈ ಸ್ವರ ನುಡಿಸುತ್ತಿರುವಾಗ ಎಡಗೈಯಿಂದ ಗಾಲಿ ತಿರುಗಿಸಿದರೆ ಸ್ವರ ಜಾರುತ್ತದೆ, ಬಾಗುತ್ತದೆ. ಘೋಷರ ಪೇಟಿಯಲ್ಲಿ ಎಡಗೈಗೆ ತಿದಿಯ ಕೆಲಸ. ಮಿನಿಮೂಗಿನಲ್ಲಿ ಗಾಳಿ ಹಾಕುವ ಕೆಲಸ ವಿದ್ಯುತ್ತಿನ ಪಾಲಾಗಿ ಎಡಗೈಗೆ ಮೀಂಡು ಸಿಕ್ಕಿತು. ಆಕಾಶವಾಣಿ ಪೇಟಿಯಲ್ಲಿ ಹುಡುಕಿ ಕಾಣದೆ ಹೋದದ್ದು ಇದೇ. 1981ರವರೆಗೆ ಸುಮಾರು 12,000 ಮಿನಿಮೂಗ್‌ಗಳು ತಯಾರಾದವು.

ನಮ್ಮ ನಾಡಿನ ಆವಿಷ್ಕಾರ ನಡೆದದ್ದು ಬೆಂಗಳೂರಿನಲ್ಲಿ. ಈ ಸಲ ಸಣ್ಣದಾಗಬೇಕಿದ್ದ ವಾದ್ಯ ತಂಬೂರಿ. ಉತ್ತರದ ಗಾಯಕರು ಮೆಚ್ಚುವ ತಂಬೂರಿಗೆ ಮಿರಜ್ ಹೆಸರಾದ ಊರು. ಕತ್ತಿ ಹರಿತ ಮಾಡುತ್ತಿದ್ದ ಶಿಕಲಗಾರ ಮನೆತನದವರು ಅಲ್ಲಿ ವಾದ್ಯ ಮಾಡುವ ಕಸುಬಿಗೆ ಇಳಿದರು. 2024ರಲ್ಲಿ ಮಿರಜಿನ ತಂಬೂರಿಗೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಆದರೆ ಸೋರೆಬುರುಡೆಯ ಆ ವಾದ್ಯವನ್ನು ಬಸ್ಸಿನಲ್ಲೋ ರೈಲಿನಲ್ಲೋ ಒಯ್ಯುವವರ ಪಾಡು ಅವರಿಗೇ ಗೊತ್ತು. ಬುರುಡೆ ಬಿರುಕು ಬಿಡುತ್ತದೆ, ಹವೆ ಬದಲಾದರೆ ತಂತಿಯ ಶ್ರುತಿ ಇಳಿಯುತ್ತದೆ, ಮೀಟಲು ಇನ್ನೊಬ್ಬರು ಬೇಕು. ಮನೆಯಲ್ಲಿ ಒಬ್ಬರೇ ರಿಯಾಜು ಮಾಡುವವರಿಗೆ ಆ ಇನ್ನೊಬ್ಬರು ಎಲ್ಲಿಂದ ಬರಬೇಕು?

ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿ, 1979ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಅವರ ರಾಡೆಲ್ ಕಂಪನಿಯ ಹೆಸರು ಇಂದು ಸಂಗೀತ ಕಲಿಯುವ ಮನೆಗಳಲ್ಲಿ ಪರಿಚಿತ. ಇಲ್ಲಿಯೂ ಪ್ರಶ್ನೆ ಒಂದೇ: ಏನು ಬಿಡಬೇಕು, ಏನು ಉಳಿಸಬೇಕು? ಬುರುಡೆ, ದಂಡಿ, ಮೀಟುವ ಕೈ ಬಿಡಬಹುದು. ಆದರೆ ನಾಲ್ಕು ತಂತಿಗಳು ಒಂದರ ಹಿಂದೊಂದು ಮೊಳಗುವ ಕ್ರಮ ಉಳಿಯಬೇಕು. ಮೀಟಿದ ದನಿ ಮೆಲ್ಲಗೆ ಕರಗುವ ರೀತಿ ಉಳಿಯಬೇಕು. ತಂತಿಯ ಕೆಳಗೆ ಸಿಕ್ಕಿಸಿದ ನೂಲಿನಿಂದ ಹೊಮ್ಮುವ ಜವಾರಿ, ಅದರೊಳಗಿನ ಸ್ವಯಂಭೂ ಗಾಂಧಾರ, ಉಳಿಯಲೇಬೇಕು. ಪಂಚಮ ಷಡ್ಜಗಳನ್ನು ಬರೀ ಒಟ್ಟಿಗೆ ಮೊಳಗಿಸಿದರೆ ಅದು ಶ್ರುತಿಪೆಟ್ಟಿಗೆಯಾಗುತ್ತದೆ ಹೊರತು ತಂಬೂರಿಯಾಗುವುದಿಲ್ಲ. ಮೊದಲ ಮಾದರಿಗಳು ಗಾತ್ರದಲ್ಲಿ ದೊಡ್ಡವು, ನಾದದಲ್ಲೂ ಕಸರು ಉಳಿಸಿಕೊಂಡಿದ್ದವು. ಮುಂದೆ ಐಸಿ ಚಿಪ್ಪುಗಳು ಸಣ್ಣವಾದಂತೆ ಪೆಟ್ಟಿಗೆಯೂ ಸಣ್ಣದಾಯಿತು, ನಾದವೂ ತಿದ್ದಿಕೊಂಡಿತು. ನಿಜವಾದ ತಂಬೂರಿಯ ದನಿಯನ್ನೇ ಮುದ್ರಿಸಿ ಚಿಪ್ಪಿನಲ್ಲಿಡುವ ಕಾಲ ಆಮೇಲೆ ಬಂತು.

ಹೊರಗೆ ಪೆಟ್ಟಿಗೆ, ಒಳಗೆ ತಂಬೂರಿ. ಕಮಲನಗರಕ್ಕೆ ಇಂಥದ್ದು ಹೊಸದಲ್ಲ. ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹುಟ್ಟಿದ ಊರಿದು. ಹೊರಗಿನ ರೂಪ ಬದಲಾಗಲಿ, ಒಳಗಿನದು ಗಟ್ಟಿಯಾಗಿರಲಿ ಎಂಬ ಅವರ ಧೋರಣೆ ವಾದ್ಯಗಳಿಗೂ ಹೊಂದುತ್ತದೆ.

ಯಂತ್ರಗಳು ಸಣ್ಣವಾದ ಮೇಲೆ ಎಷ್ಟು ಬೇಕು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಮುಂಬಯಿಯಲ್ಲಿದೆ. ಹಿಂದಿ ಚಿತ್ರಗೀತೆಗಳ ವಾದ್ಯಮೇಳದಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ಧ್ವನಿಮುದ್ರಿಕೆ ತಂದರು. ಬಳಸಿದ್ದು ರೋಲೆಂಡ್ ಕಂಪನಿಯ ಮೂರು ಯಂತ್ರ: ಸ್ವರಕ್ಕೆ ಜ್ಯೂಪಿಟರ್-8, ಮಂದ್ರದ ಎಳೆಗೆ ಟಿಬಿ-303, ತಾಳಕ್ಕೆ ಟಿಆರ್-808. ಒಬ್ಬರೇ ಗಿಟಾರ್ ನುಡಿಸುವವರಿಗೆ ಬೇಸ್ ಜೊತೆ ಕೊಡಲೆಂದು ಮಾಡಿದ್ದ 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿತ್ತು. ಭೈರವಿ, ತೋಡಿ, ಮಾಲಕಂಸಗಳಿಗೆ ಅದು ಒದಗಿಬಂತು. ಆಗ ಮುದ್ರಿಕೆ ಮಾರಾಟವಾಗಲಿಲ್ಲ. ಅಮೆರಿಕದ ಶಿಕಾಗೋದಲ್ಲಿ ಇದೇ 303ರಿಂದ ‘ಆಸಿಡ್ ಹೌಸ್’ ಸಂಗೀತ ಹುಟ್ಟುವುದಕ್ಕೆ ಇನ್ನೂ ಐದು ವರ್ಷವಿತ್ತು. 2010ರಲ್ಲಿ ಮರುಬಿಡುಗಡೆಯಾದಾಗ ಹೊರದೇಶದವರು ಬೆರಗಾದರು.

ಆ ಮೂರು ಯಂತ್ರಗಳ ಲೆಕ್ಕ ನಮ್ಮ ಕಛೇರಿಯ ಲೆಕ್ಕವೇ. ಹಿಂದೆ ತಂಬೂರಿ, ನಡುವೆ ಹಾಡು, ಪಕ್ಕದಲ್ಲಿ ತಬಲಾ. ಶ್ರುತಿ, ಸ್ವರ, ಲಯ. ಮನೆಯ ಸ್ಟುಡಿಯೊದಲ್ಲಿ ಈ ಮೂರಕ್ಕೂ ಒಂದೊಂದು ಯಂತ್ರವಿದ್ದರೆ ಮೇಳ ಪೂರ್ತಿಯಾಯಿತು. ಒಂದೇ ಕೆಲಸಕ್ಕೆ ಎರಡು ಯಂತ್ರವಿದ್ದರೆ ಒಂದನ್ನು ಮಾರಬಹುದು.

ಯಾವುದನ್ನು ಮಾರುವುದು? ಹೆಮ್ಸಾತ್ ಕಲಿಸಿದ್ದು ಬಳಕೆಯನ್ನು ನೋಡಲು. ಇತ್ತೀಚೆಗೆ ಮುಗಿಸಿದ ಹಾಡುಗಳನ್ನು ತೆರೆದು ಯಾವ ಯಂತ್ರದ ದನಿ ಕೊನೆಯವರೆಗೂ ಉಳಿದಿದೆ ಎಂದು ಗುರುತು ಹಾಕಿಕೊಂಡರೆ ಕೆಲಸಕ್ಕೆ ಬಾರದ ಯಂತ್ರ ತಾನಾಗಿ ಎದ್ದು ಕಾಣುತ್ತದೆ. ಸ್ವರ ನುಡಿಸುವ ಸಿಂಥಿಗೆ ಎಡಗಡೆಯ ಗಾಲಿ ಕಡ್ಡಾಯ. ಬೆಲೆ ಕಡಿಮೆ ಎಂದು ಗಾಲಿ ಇಲ್ಲದ್ದನ್ನು ತಂದರೆ ಮನೆಗೆ ಬಂದದ್ದು ಇನ್ನೊಂದು ಪೇಟಿ ಅಷ್ಟೆ. ಹಾಡುವವರ ಪಟ್ಟಿ (ಷಡ್ಜ ಹಿಡಿಯುವ ಕೀ) ಕಾಳಿ ಎರಡೋ ಕಾಳಿ ಐದೋ, ಅದಕ್ಕೆ ಸರಿಯಾಗಿ ಶ್ರುತಿ ಏರಿಳಿಸುವ, ಕೂದಲೆಳೆಯಷ್ಟು ಹೊಂದಿಸುವ ಸೌಲಭ್ಯವೂ ಇರಬೇಕು.

ಬೀದರ ಸೀಮೆಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಳೆಯ ಅನಲಾಗ್ ಸಿಂಥಿನ ಆಸಿಲೇಟರ್‌ಗಳು ಕಾವಿಗೆ ಸೂಕ್ಷ್ಮ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದರಲ್ಲಿ ಹರಿಯುವ ಕರೆಂಟು ಬದಲಾಗುತ್ತದೆ, ಶ್ರುತಿಯೂ ಜಾರುತ್ತದೆ. ಮಿನಿಮೂಗ್ ನುಡಿಸುವವರು ಇದಕ್ಕೇ ಆಗಾಗ ಶ್ರುತಿ ಕೂಡಿಸುತ್ತಿದ್ದರು. 1978ರ ಪ್ರಾಫೆಟ್-5ರಲ್ಲಿ ಒಂದು ಬಟನ್ ಒತ್ತಿದರೆ ಯಂತ್ರವೇ ಶ್ರುತಿ ಕೂಡಿಸಿಕೊಳ್ಳುತ್ತಿತ್ತು. 1982ರ ಜೂನೊ-6 ಆಸಿಲೇಟರನ್ನೇ ಡಿಜಿಟಲ್ ಲಗಾಮಿಗೆ ಒಳಪಡಿಸಿತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಈ ಎರಡನೆಯ ದಾರಿಯ ಸಿಂಥೇ ಲೇಸು. ಜಪಾನಿನ ಮಾರುಕಟ್ಟೆಗೆಂದು ತಯಾರಾದ ಸೆಕೆಂಡ್‌ಹ್ಯಾಂಡ್ ಯಂತ್ರ ಸಿಕ್ಕರೆ ಅದರ ಹಿಂಬದಿಯ ಚೀಟಿ ಓದಿ. ಅಲ್ಲಿನ ಕರೆಂಟು 100 ವೋಲ್ಟ್, ನಮ್ಮದು 230. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಕರೆಂಟು ಹೋಗಿ ಬರುವ ಕಡೆ ಬ್ಯಾಟರಿ ಯಂತ್ರಗಳೂ ಆದಾವು. ಕೊರ್ಗ್ ಕಂಪನಿ 2013ರಲ್ಲಿ ತಂದ ವೋಲ್ಕಾಗಳು ಆರು ಪೆನ್ಸಿಲ್ ಸೆಲ್ಲುಗಳಲ್ಲೇ ನಡೆಯುತ್ತವೆ.

ಕೊನೆಯದಾಗಿ, ಹಿಂಬದಿಯಲ್ಲಿ ಐದು ಪಿನ್ನಿನ ದುಂಡನೆಯ ಕಿಂಡಿ ಇದೆಯೇ ನೋಡಿಕೊಳ್ಳಿ. 1983ರ ಜನವರಿಯಲ್ಲಿ ಅಮೆರಿಕದ ಡೇವ್ ಸ್ಮಿತ್ ಅವರ ಕಂಪನಿಯ ಒಂದು ಸಿಂಥನ್ನೂ ಜಪಾನಿನ ಇಕುತಾರೊ ಕಾಕೆಹಾಶಿ ಅವರ ರೋಲೆಂಡ್‌ನ ಒಂದು ಸಿಂಥನ್ನೂ ಒಂದೇ ಕೇಬಲ್ಲಿನಿಂದ ಕೂಡಿಸಿ ತೋರಿಸಲಾಯಿತು. ಇಲ್ಲಿ ನುಡಿಸಿದರೆ ಅಲ್ಲಿ ಕೇಳಿಸಿತು. ಅದು ಮಿಡಿ. ಅಂದಿನಿಂದ ಪ್ರತಿ ಯಂತ್ರಕ್ಕೂ ಬೇರೆ ಕೀಬೋರ್ಡು ಬೇಕಿಲ್ಲ. ಒಳ್ಳೆಯ ಕೀಗಳೂ ಗಾಲಿಯೂ ಇರುವ ಒಂದನ್ನು ಇಟ್ಟುಕೊಂಡು, ಉಳಿದವನ್ನು ಕೀಗಳಿಲ್ಲದ ಪೆಟ್ಟಿಗೆಗಳಾಗಿ ಕೊಂಡರೆ ಜಾಗವೂ ಹಣವೂ ಉಳಿಯುತ್ತವೆ.

ಇಷ್ಟಾದ ಮೇಲೂ ನಾಲ್ಕನೆಯ ಯಂತ್ರದ ಮೇಲೆ ಮನಸ್ಸು ಹೋಗುವುದು ಸಹಜ. ಆಗ ಅಂಗಡಿಯಲ್ಲಿ ನಿಂತೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಶ್ರುತಿಗೋ, ಸ್ವರಕ್ಕೋ, ಲಯಕ್ಕೋ? ಯಾವುದಕ್ಕೆ ಎಂದು ಉತ್ತರ ಬಂದರೆ ಆ ಜಾಗದಲ್ಲಿ ಈಗಿರುವುದನ್ನು ಮೊದಲು ಮಾರಿ, ಆಮೇಲೆ ಇದಕ್ಕೆ ಹಣ ಕೊಡಿ. ಉತ್ತರವೇ ಬಾರದಿದ್ದರೆ ಹಣವನ್ನು ಜೇಬಿನಲ್ಲೇ ಬಿಟ್ಟು ಮನೆಗೆ ಬಂದು ನುಡಿಸಲು ಕೂರಿ.